ಶನಿವಾರ ಕ್ಯಾಮರನ್‌ನಲ್ಲಿ ಡ್ಯೂಕ್–ಕೆರೋಲಿನಾ: ಈ ಸಲ ಎತ್ತರಕ್ಕೆ ಏನು ಉತ್ತರ?

ಡಾಂಬರು ಹಿಮ್ಮಡಿ · ಬುಧವಾರ, 29 ಜನವರಿ 2025, ಬೆಳಗ್ಗೆ 6:40

ನಿನ್ನೆ ರಾತ್ರಿ ನಮ್ಮ ಕಾಲೇಜು ಬಾಸ್ಕೆಟ್‌ಬಾಲ್ ತಂಡ ಪಿಟ್ಸ್‌ಬರ್ಗ್‌ನಲ್ಲಿ 73-65ರಿಂದ ಸೋತ ಮೇಲೆ ನಿದ್ದೆ ಹತ್ತಲಿಲ್ಲ. ಸುಮ್ಮನೆ ಹೊರಳಾಡುವುದಕ್ಕಿಂತ ಚರ್ಚೆ ಆರಂಭಿಸುವುದು ಮೇಲು ಅನ್ನಿಸಿತು.

ಶನಿವಾರ ಸಂಜೆ 6:30, ಡರ್ಹಮ್, ಡ್ಯೂಕ್‌ನ ತವರಾದ ಕ್ಯಾಮರನ್ ಒಳಾಂಗಣ. ಡ್ಯೂಕ್ 18 ಗೆದ್ದು 2 ಸೋತಿದೆ, ದೇಶದಲ್ಲಿ ಎರಡನೆಯ ಸ್ಥಾನ. ನಮ್ಮ ನಾರ್ತ್ ಕೆರೋಲಿನಾ 13 ಗೆದ್ದು 9 ಸೋತಿದೆ. ಅಗ್ರ 25ರ ಪಟ್ಟಿಯಲ್ಲಿ ನಮ್ಮನ್ನು ಹುಡುಕಬೇಡಿ, ಕನ್ನಡಕ ಒರೆಸಿಕೊಂಡರೂ ಸಿಗುವುದಿಲ್ಲ.

ನನ್ನ ಚಿಂತೆ ಒಂದೇ. ಐದು ವರ್ಷ ಬುಟ್ಟಿಯ ಕೆಳಗೆ ಗೋಡೆಯಂತೆ ನಿಂತಿದ್ದ ಅರ್ಮಾಂಡೊ ಬೇಕಾಟ್ ಕಳೆದ ವರ್ಷ ಹೋದ. ನಮ್ಮ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ಅವನಷ್ಟು ರೀಬೌಂಡ್ (ಗುರಿ ತಪ್ಪಿ ಮರಳುವ ಚೆಂಡು) ಹಿಡಿದವರು ಇನ್ನೊಬ್ಬರಿಲ್ಲ. ಅವನ ಜಾಗಕ್ಕೆ ನಾವು ಯಾರನ್ನು ತಂದೆವು? ಅವನಿಗೆ ಸಮನಾದವರು ಯಾರೂ ಸಿಗಲಿಲ್ಲ. ಜೇಲನ್ ವಾಷಿಂಗ್ಟನ್ ಎತ್ತರದವನೇ, ಆದರೆ ಮೈಕಟ್ಟು ಸಾಲದು. ಲುಬಿನ್ ಮೈಕಟ್ಟಿನವನೇ, ಆದರೆ ಎತ್ತರ ಸಾಲದು. ಇಬ್ಬರನ್ನೂ ಸೇರಿಸಿ ಒಬ್ಬನನ್ನು ಮಾಡುವ ಹಾಗಿದ್ದರೆ ಈ ಬರಹವೇ ಬೇಕಿರಲಿಲ್ಲ.

ಅತ್ತ ಡ್ಯೂಕ್‌ನ ಮೊದಲ ಐವರನ್ನು ನೋಡಿ: ಪ್ರಾಕ್ಟರ್, ಸಯನ್ ಜೇಮ್ಸ್, ಕನಿಪಲ್, ಕೂಪರ್ ಫ್ಲ್ಯಾಗ್, ಮಲುವಾಚ್. ಆರೂವರೆ ಅಡಿಯ ಆಸುಪಾಸಿನವರೇ ಅಲ್ಲಿ ಕುಳ್ಳರು. ಮಲುವಾಚ್ 7 ಅಡಿ 2 ಅಂಗುಲ. ನಮ್ಮ ನಾಯಕ ಆರ್.ಜೆ. ಡೇವಿಸ್ 6 ಅಡಿ. ಚೆಂಡು ತಂದು ಕೊಡುವ ಎಲಿಯಟ್ ಕಡೋ 6 ಅಡಿ 1 ಅಂಗುಲ.

ಡ್ಯೂಕ್ ಕಡೆಯವರೂ ಬರೆಯಬಹುದು. ಮರ್ಯಾದೆ ಇರಲಿ.

ನೀಲಿ ಗೋಪುರ · ಬುಧವಾರ, ಬೆಳಗ್ಗೆ 8:15

ಮರ್ಯಾದೆಯಿಂದಲೇ ಹೇಳುತ್ತೇನೆ ಸರ್: ಇಪ್ಪತ್ತು ಪಾಯಿಂಟ್.

ಕಾರಣವನ್ನು ನೀವೇ ಬರೆದಿದ್ದೀರಿ, ನಾನು ಒಂದನ್ನು ಸೇರಿಸುತ್ತೇನೆ. ನಿಮ್ಮ ಹುಡುಗರಿಗೆ ಹಿಂದೆ ಬಿದ್ದು ಏಳುವ ಚಟ ಅಂಟಿದೆ. ಮಾವಿಯಲ್ಲಿ ಡೇಟನ್ ವಿರುದ್ಧ 21 ಹಿಂದೆ ಬಿದ್ದು 92-90ರಿಂದ ಗೆದ್ದರು. ನ್ಯೂಯಾರ್ಕ್‌ನಲ್ಲಿ ಯುಸಿಎಲ್‌ಎ ವಿರುದ್ಧ 16 ಹಿಂದೆ ಬಿದ್ದು 76-74ರಿಂದ ಗೆದ್ದರು. ಕಾನ್ಸಾಸ್‌ನಲ್ಲಿ 20 ಹಿಂದೆ ಬಿದ್ದು ಸಮ ಮಾಡಿ ಕೊನೆಗೆ 92-89ರಿಂದ ಸೋತರು. ನೋಡುವವರಿಗೆ ರೋಮಾಂಚನವೇ. ಆದರೆ ಕ್ಯಾಮರನ್‌ನಲ್ಲಿ 9,314 ಜನ ಕಿವಿಯ ಪಕ್ಕ ಕೂಗುತ್ತಿರುವಾಗ 16 ಹಿಂದೆ ಬಿದ್ದರೆ ಅದು ಬಾವಿ, ಹಳ್ಳವಲ್ಲ.

ನಾನು ಇಲ್ಲಿ ಪಿಎಚ್.ಡಿ. ಮೂರನೆಯ ವರ್ಷ. ಸೆಪ್ಟೆಂಬರ್‌ನಲ್ಲಿ ವಾರಾಂತ್ಯವಿಡೀ ಪಾರ್ಕಿಂಗ್ ಜಾಗದಲ್ಲಿ ಬಿಡಾರ ಹೂಡಿ, ಲಾಟರಿಯಲ್ಲಿ ಹೆಸರು ಬಂದು, ಋತುವಿನ ಟಿಕೆಟ್ ಸಿಕ್ಕಿದೆ. ಗೈಡ್‌ಗೆ ಶನಿವಾರ ಪ್ರಯೋಗಾಲಯಕ್ಕೆ ಬರುವುದಿಲ್ಲವೆಂದು ಅಕ್ಟೋಬರ್‌ನಲ್ಲೇ ಹೇಳಿದ್ದೇನೆ.

ಕೆಂಪು ತೋಳ · ಬುಧವಾರ, ಬೆಳಗ್ಗೆ 9:02

ನಾರ್ತ್ ಕೆರೋಲಿನಾ ಸ್ಟೇಟ್ ಎಂಬ ಇನ್ನೊಂದು ವಿಶ್ವವಿದ್ಯಾಲಯದವರಿಗೆ ಇಲ್ಲಿ ಪ್ರವೇಶವಿದೆಯೋ? ಸೋಮವಾರ ಇದೇ ಕ್ಯಾಮರನ್‌ನಲ್ಲಿ, ಇದೇ ಡ್ಯೂಕ್ ವಿರುದ್ಧ ನಾವು ಮೊದಲಾರ್ಧದಲ್ಲಿ ಮುಂದಿದ್ದೆವು. ಆಮೇಲೆ ಫ್ಲ್ಯಾಗ್ 28 ಹೊಡೆದ, 74-64ರಿಂದ ಸೋತೆವು. ಹೇಳಬೇಕಾದ್ದು ಇಷ್ಟೇ: ನಮ್ಮಂತಹ ತಂಡ ಅಷ್ಟು ಹೊತ್ತು ಅವರನ್ನು ಕಟ್ಟಿಹಾಕಿತು ಅಂದರೆ ಇಪ್ಪತ್ತು ಪಾಯಿಂಟ್ ಅನ್ನುವುದು ಬಾಯಿಮಾತು.

ಹಾಗೆಯೇ, ಕಳೆದ ಮಾರ್ಚ್‌ನಲ್ಲಿ ರಾಷ್ಟ್ರೀಯ ಟೂರ್ನಿಯ ಎಂಟರ ಘಟ್ಟದಲ್ಲಿ 76-64ರಿಂದ ಡ್ಯೂಕ್‌ನ್ನು ಮನೆಗೆ ಕಳಿಸಿದವರು ಯಾರು ಎಂದು ನೆನಪು ಮಾಡಲು ಬಂದೆ. ಬರುತ್ತೇನೆ.

ಮೈಸೂರು ಮುಂಜಾವು · ಬುಧವಾರ, ಬೆಳಗ್ಗೆ 10:30 (ನಮಗೆ ರಾತ್ರಿ 9)

ಎಲ್ಲರಿಗೂ ನಮಸ್ಕಾರ. ಮಗ ಕಳೆದ ಆಗಸ್ಟ್‌ನಿಂದ ಚಾಪೆಲ್ ಹಿಲ್‌ನಲ್ಲಿ, ಅಂದರೆ ನಿಮ್ಮ ನಾರ್ತ್ ಕೆರೋಲಿನಾ ವಿಶ್ವವಿದ್ಯಾಲಯದಲ್ಲಿ, ಎಂ.ಎಸ್. ಓದುತ್ತಿದ್ದಾನೆ. "ಅಪ್ಪ, ಶನಿವಾರ ಫೋನ್ ಮಾಡಬೇಡಿ, ಡ್ಯೂಕ್ ಪಂದ್ಯ" ಎಂದ. ಅವನು ಹುಟ್ಟಿದಾರಭ್ಯ ಕ್ರಿಕೆಟ್ ಬಿಟ್ಟು ಬೇರೇನನ್ನೂ ನೋಡಿದವನಲ್ಲ. ಆರು ತಿಂಗಳಲ್ಲಿ ಏನಾಯಿತು?

ನಾನೂ 1980ರ ಸುಮಾರಿಗೆ ಮೈಸೂರು ವಿಶ್ವವಿದ್ಯಾನಿಲಯದ ಅಂತರಕಾಲೇಜು ಪಂದ್ಯಗಳಲ್ಲಿ ಬಾಸ್ಕೆಟ್‌ಬಾಲ್ ಆಡಿದವನು. ಸಿಮೆಂಟ್ ಅಂಕಣ, ಬಲೆ ಇಲ್ಲದ ರಿಂಗು, ನೋಡಲು ಹಾಸ್ಟೆಲಿನ ನಲವತ್ತು ಹುಡುಗರು. ಕಾಲೇಜು ಹುಡುಗರ ಆಟಕ್ಕೆ ಊರಿಗೆ ಊರೇ ನಿಲ್ಲುವುದು ಹೇಗೆ? ತಿಳಿದವರು ಬಿಡಿಸಿ ಹೇಳಬೇಕು.

ಡಾಂಬರು ಹಿಮ್ಮಡಿ · ಬುಧವಾರ, ಮಧ್ಯಾಹ್ನ 12:20

ರಾಯರೇ, ಹುಬ್ಬಳ್ಳಿ ಮತ್ತು ಧಾರವಾಡವನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದಕ್ಕಿಂತಲೂ ಹತ್ತಿರ ಈ ಎರಡು ಊರು. ಎರಡು ಅಂಕಣಗಳ ನಡುವೆ 15-501 ಎಂಬ ಹೆದ್ದಾರಿಯಲ್ಲಿ ಹದಿನಾರು ಹದಿನೇಳು ಕಿಲೋಮೀಟರ್. ಒಂದು ಕಡೆ 1789ರಲ್ಲಿ ಸನ್ನದು ಪಡೆದ ಸರ್ಕಾರಿ ವಿಶ್ವವಿದ್ಯಾಲಯ. ಪದವಿ ತರಗತಿಗೆ ಸೇರುವವರಲ್ಲಿ ಶೇಕಡ 82ರಷ್ಟು ಇದೇ ರಾಜ್ಯದ ಮಕ್ಕಳಾಗಿರಬೇಕು ಎಂಬ ನಿಯಮ ಅಲ್ಲಿ ಬಹುಕಾಲದಿಂದ ಇದೆ. ಇನ್ನೊಂದು ಕಡೆ ಟ್ರಿನಿಟಿ ಎಂಬ ಸಣ್ಣ ಕಾಲೇಜು. 1924ರಲ್ಲಿ ಹೊಗೆಸೊಪ್ಪಿನ ಕುಬೇರ ಜೇಮ್ಸ್ ಡ್ಯೂಕ್ ದುಡ್ಡು ಸುರಿದ ಮೇಲೆ ಅದೇ ಡ್ಯೂಕ್ ವಿಶ್ವವಿದ್ಯಾಲಯವಾಯಿತು; ಅಲ್ಲಿಗೆ ದೇಶದ ಮೂಲೆ ಮೂಲೆಯಿಂದ ಮಕ್ಕಳು ಬರುತ್ತಾರೆ. ನಮ್ಮವರು ಅವರನ್ನು ಹೊರಗಿನವರು ಅನ್ನುತ್ತಾರೆ. ಅವರು ನಮ್ಮನ್ನು ಏನನ್ನುತ್ತಾರೆ ಎಂಬುದನ್ನು ಗೋಪುರದವರು ಹೇಳಲಿ.

1920ರಿಂದ ಆಡುತ್ತಿದ್ದಾರೆ. ಒಟ್ಟು ಗೆಲುವಿನಲ್ಲಿ ನಾವು ಮುಂದೆ. ರಾಷ್ಟ್ರೀಯ ಟೂರ್ನಿಯ ಪ್ರಶಸ್ತಿ ನಮಗೆ 6, ಅವರಿಗೆ 5. ಇಲ್ಲಿ ಒಂದೇ ಕಚೇರಿಯಲ್ಲಿ, ಒಂದೇ ಬೀದಿಯಲ್ಲಿ, ಒಂದೇ ಮನೆಯಲ್ಲಿ ಎರಡೂ ಪಕ್ಷದವರಿರುತ್ತಾರೆ. ಸೋತವನು ಸೋಮವಾರ ಕಾಫಿ ಯಂತ್ರದ ಹತ್ತಿರ ಹೋಗುವುದಿಲ್ಲ. ನಿಮ್ಮ ಮಗ ಆರು ತಿಂಗಳು ತಡೆದದ್ದೇ ಹೆಚ್ಚು. ನಾನು 1994ರಲ್ಲಿ ಬಂದಾಗ ಆರು ವಾರವೂ ತಡೆಯಲಿಲ್ಲ.

ಶನಿವಾರದ ಕೋಚ್ · ಬುಧವಾರ, ರಾತ್ರಿ 9:45

ಮೋರಿಸ್‌ವಿಲ್‌ನಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಶನಿವಾರ ಬೆಳಗ್ಗೆ ಆಟ ಹೇಳಿಕೊಡುತ್ತೇನೆ. ನನ್ನ ಮಾತಿನ ತೂಕವನ್ನು ಅದಕ್ಕೆ ತಕ್ಕಂತೆ ಅಳೆದುಕೊಳ್ಳಿ.

ಎಲ್ಲರೂ ಎತ್ತರ ಎತ್ತರ ಅನ್ನುತ್ತಿದ್ದೀರಿ, ಆದರೆ ಅದು ಎಲ್ಲಿ ಕಚ್ಚುತ್ತದೆ ಎಂದು ಯಾರೂ ಹೇಳಲಿಲ್ಲ. ರೀಬೌಂಡ್ ಬಿಡಿ, ಅದು ಗೊತ್ತಿದ್ದದ್ದೇ. ನಿಜವಾದ ಪೆಟ್ಟು ಇನ್ನೊಂದಿದೆ. ಡೇವಿಸ್ ಬುಟ್ಟಿ ಹಾಕುವುದು ಹೇಗೆ? ಸಹ ಆಟಗಾರನೊಬ್ಬ ಕಂಬದಂತೆ ಅಡ್ಡ ನಿಲ್ಲುತ್ತಾನೆ, ಬೆನ್ನಟ್ಟಿ ಬರುತ್ತಿದ್ದ ಎದುರಾಳಿ ಅವನಿಗೆ ಡಿಕ್ಕಿ ಹೊಡೆದು ಅರ್ಧ ಕ್ಷಣ ಹಿಂದುಳಿಯುತ್ತಾನೆ, ಆ ಅರ್ಧ ಕ್ಷಣದಲ್ಲಿ ಡೇವಿಸ್ ಎಸೆದುಬಿಡುತ್ತಾನೆ. ಸಾಮಾನ್ಯ ತಂಡಗಳ ವಿರುದ್ಧ ಇದು ನಡೆಯುತ್ತದೆ, ಏಕೆಂದರೆ ಅವನನ್ನು ಕಾಯುವವನೂ ಕಂಬದವನನ್ನು ಕಾಯುವವನೂ ತಮ್ಮ ತಮ್ಮ ಆಳನ್ನು ಬದಲಾಯಿಸಿಕೊಳ್ಳಲು ಹೆದರುತ್ತಾರೆ. ಬದಲಾಯಿಸಿಕೊಂಡರೆ ಕುಳ್ಳನ ಪಾಲಿಗೆ ದೈತ್ಯ ಬರುತ್ತಾನೆ, ದೈತ್ಯನ ಪಾಲಿಗೆ ಚಿಗರೆ ಬರುತ್ತದೆ. ಡ್ಯೂಕ್‌ಗೆ ಆ ಹೆದರಿಕೆ ಇಲ್ಲ. ಮಲುವಾಚ್ ಬಿಟ್ಟರೆ ಉಳಿದ ನಾಲ್ವರೂ ಎತ್ತರದಲ್ಲಿ ಹೆಚ್ಚೂ ಕಡಿಮೆ ಒಂದೇ ಅಳತೆ. ಪ್ರತಿ ಸಲವೂ ಬದಲಾಯಿಸಿಕೊಳ್ಳುತ್ತಾರೆ. ಡೇವಿಸ್ ಒಂದು ಕಂಬದಿಂದ ತಪ್ಪಿಸಿಕೊಂಡು ಹೊರಬಂದರೆ ಎದುರಿಗೆ ಇನ್ನೊಬ್ಬ ಆರೂವರೆ ಅಡಿಯವನು ಕೈ ಎತ್ತಿ ನಿಂತಿರುತ್ತಾನೆ, ಕೆಲವೊಮ್ಮೆ ಅವನ ಹೆಸರು ಫ್ಲ್ಯಾಗ್ ಎಂದೂ ಇರುತ್ತದೆ.

ಇದಕ್ಕೆ ಮದ್ದು ಎರಡು. ಮೊದಲನೆಯದು, ಕಂಬವಾಗಿ ನಿಲ್ಲುವವನು ಪೂರ್ತಿ ನಿಲ್ಲದೆ, ಅವರು ಬದಲಾಯಿಸಿಕೊಳ್ಳುವ ಗಡಿಬಿಡಿಯಲ್ಲಿ ಬುಟ್ಟಿಯ ಕಡೆಗೆ ಜಾರಿಕೊಳ್ಳಬೇಕು. ಕಡೋ ಚೆಂಡನ್ನು ಆ ಸಂದಿಯಲ್ಲಿ ತೂರಿಸಬೇಕು. ಅವನಿಗೆ ಆ ಕಣ್ಣಿದೆ. ಎರಡನೆಯದು, ಅವರು ನಿಂತು ರಕ್ಷಣೆ ಕಟ್ಟುವ ಮೊದಲೇ ಓಡಿಬಿಡಬೇಕು. ಚೆಂಡು ಸಿಕ್ಕ ಏಳೆಂಟು ಸೆಕೆಂಡಿನಲ್ಲಿ ಎಸೆತ ಮುಗಿದಿರಬೇಕು. ಟ್ರಿಂಬಲ್, ಇಯಾನ್ ಜಾಕ್ಸನ್ ಇಬ್ಬರಿಗೂ ಕಾಲಿದೆ. ಆದರೆ ಓಡಲು ಮೊದಲು ಚೆಂಡು ಸಿಗಬೇಕಲ್ಲ? ಅದಕ್ಕೆ ರೀಬೌಂಡ್ ಬೇಕು. ಸುತ್ತಿ ಸುತ್ತಿ ಬೇಕಾಟ್ ಹತ್ತಿರವೇ ಬಂದೆವು.

ಮಲುವಾಚ್‌ಗೆ ಬೇಗ ಎರಡು ಫೌಲ್ ಬೀಳುವಂತೆ ಮಾಡಿದರೆ ಲೆಕ್ಕ ಸ್ವಲ್ಪ ಬದಲಾಗಬಹುದು. ಐದಕ್ಕೆ ಹೊರಗೆ. ಮೊದಲಾರ್ಧದಲ್ಲಿ ಎರಡಾದರೆ ಸಾಮಾನ್ಯವಾಗಿ ಕೋಚ್ ಬೆಂಚಿನಲ್ಲಿ ಕೂರಿಸುತ್ತಾರೆ. ಅಂದ ಹಾಗೆ ಆ ಹುಡುಗ ಹುಟ್ಟಿದ್ದು ದಕ್ಷಿಣ ಸುಡಾನ್‌ನಲ್ಲಿ, ಬೆಳೆದದ್ದು ಉಗಾಂಡದಲ್ಲಿ, ಈ ಆಟಕ್ಕೆ ಬಂದದ್ದು ಹದಿಮೂರನೆಯ ವಯಸ್ಸಿನ ಹೊತ್ತಿಗೆ. ಕಳೆದ ಬೇಸಿಗೆಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತನ್ನ ದೇಶಕ್ಕೆ ಆಡಿದ. ಬೈಯಲು ಮನಸ್ಸು ಬರುವುದಿಲ್ಲ.

ಮೈಸೂರು ಮುಂಜಾವು · ಗುರುವಾರ, 30 ಜನವರಿ, ಬೆಳಗ್ಗೆ 7:05

ಕೋಚ್ ಸರ್, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಮ್ಮ ತರಬೇತುದಾರರು ಕುಳ್ಳರಿಗೆ ಹೇಳುತ್ತಿದ್ದ ಮಾತು: ಚೆಂಡು ಮೊಣಕಾಲಿನ ಮೇಲೆ ಏರಬಾರದು, ಎತ್ತರದವನು ಬಗ್ಗುವಷ್ಟರಲ್ಲಿ ನೀನು ದಾಟಿರಬೇಕು. ನಾನು 5 ಅಡಿ 6 ಅಂಗುಲ. ದಾಟುತ್ತಿದ್ದೆ, ಆದರೆ ದಾಟಿದ ಮೇಲೆ ಬುಟ್ಟಿಯ ಕೆಳಗೆ ಇನ್ನೊಬ್ಬ ಎತ್ತರದವನು ನಿಂತಿರುತ್ತಿದ್ದ. ಡೇವಿಸ್‌ಗೂ ಅದೇ ಗತಿಯೆಂದು ಕಾಣುತ್ತದೆ.

ನೀಲಿ ಗೋಪುರ · ಗುರುವಾರ, ಬೆಳಗ್ಗೆ 8:50

ಎತ್ತರದ ಮಾತಿನಲ್ಲಿ ಫ್ಲ್ಯಾಗ್ ಬದಿಗೆ ಸರಿದುಬಿಟ್ಟ. ಮೇಯ್ನ್ ರಾಜ್ಯದ ನ್ಯೂಪೋರ್ಟ್ ಎಂಬ ಪುಟ್ಟ ಊರಿನವನು, ಡಿಸೆಂಬರ್ 21ಕ್ಕೆ 18 ತುಂಬಿತು. ಜನವರಿ 11ರಂದು ನೊಟ್ರ ಡೇಮ್ ವಿರುದ್ಧ 42 ಪಾಯಿಂಟ್. ನಮ್ಮೆರಡೂ ತಂಡ ಆಡುವ ಎಸಿಸಿ ಕೂಟದಲ್ಲಿ ಮೊದಲ ವರ್ಷದ ಹುಡುಗರಲ್ಲಿ ಯಾರೂ ಒಂದೇ ಪಂದ್ಯದಲ್ಲಿ ಅಷ್ಟು ಹೊಡೆದಿರಲಿಲ್ಲ. ನನ್ನನ್ನು ಹಿಡಿದಿಟ್ಟದ್ದು ಆ 42 ಅಲ್ಲ. ಅವನು ಚೆಂಡಿಲ್ಲದಾಗ ಏನು ಮಾಡುತ್ತಾನೆ ಎಂಬುದನ್ನು ಗ್ಯಾಲರಿಯಿಂದ ನೋಡಬೇಕು; ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗಿಬಿಡುತ್ತದೆ. ಎದುರಾಳಿಯ ಎಸೆತ ತಡೆಯಲು ಎಲ್ಲಿಂದಲೋ ಬರುತ್ತಾನೆ, ಬಿದ್ದ ಚೆಂಡಿಗೆ ಬೀಳುತ್ತಾನೆ, ತನ್ನವರ ಮೇಲೆ ಕೂಗುತ್ತಾನೆ. ಇಷ್ಟೆಲ್ಲ ಪ್ರತಿಭೆ ಇರುವವರು ಸಾಮಾನ್ಯವಾಗಿ ಸ್ವಲ್ಪ ಸೋಮಾರಿಗಳಿರುತ್ತಾರೆ ಎಂದುಕೊಂಡಿದ್ದೆ.

ಡಾಂಬರು ಹಿಮ್ಮಡಿ · ಗುರುವಾರ, ರಾತ್ರಿ 8:30

42 ಎಂದಿರಾ? ಕಳೆದ ಫೆಬ್ರುವರಿ 26ರಂದು ಮಯಾಮಿ ವಿರುದ್ಧ ನಮ್ಮ ಆ ಆರು ಅಡಿಯವನು ಹೊಡೆದದ್ದೂ 42. ನಮ್ಮ ತವರಾದ ಸ್ಮಿತ್ ಕ್ರೀಡಾಂಗಣದಲ್ಲಿ ನಮ್ಮವರ ದಾಖಲೆ. ಹಾಗಾಗಿ ಆ ಅಂಕಿಯಿಂದ ನನ್ನನ್ನು ಹೆದರಿಸಬೇಡಿ.

ಸೋಲುವ ತಂಡಕ್ಕೆ ಕ್ಯಾಮರನ್‌ನಲ್ಲಿ ಏನಾಗಬಹುದು ಎಂಬುದಕ್ಕೆ ಒಂದು ಹಳೆಯ ಕಥೆ ಹೇಳುತ್ತೇನೆ. ಫೆಬ್ರುವರಿ 2, 1995. ನಾನು ಬಂದು ಮೊದಲ ಚಳಿಗಾಲ. ನಾಲ್ವರು ಕನ್ನಡಿಗರು ಒಂದು ಬಾಡಿಗೆ ಮನೆಯಲ್ಲಿ. ಪಾತ್ರೆ ತೊಳೆಯುವ ಸರದಿಯ ವಿಷಯದಲ್ಲಿ ಬಿಟ್ಟರೆ ಜಗಳವೇ ಇರಲಿಲ್ಲ. ಆ ವರ್ಷ ಡ್ಯೂಕ್‌ನ ಕೋಚ್ ಮೈಕ್ ಶಶೆಫ್‌ಸ್ಕಿ (ಎಲ್ಲರ ಬಾಯಲ್ಲಿ ಕೋಚ್ ಕೆ) ಬೆನ್ನುನೋವಿನಿಂದ ರಜೆಯಲ್ಲಿದ್ದರು, ಡ್ಯೂಕ್ ಮುಗ್ಗರಿಸುತ್ತಿತ್ತು. ಕೊನೆಗೆ 13 ಗೆದ್ದು 18 ಸೋತರು. ನಮ್ಮಲ್ಲಿ ಜೆರಿ ಸ್ಟ್ಯಾಕ್‌ಹೌಸ್, ರಶೀದ್ ವಾಲೆಸ್. ಆರಂಭದಲ್ಲೇ ದೊಡ್ಡ ಮುನ್ನಡೆ ಸಿಕ್ಕಿತು. ನನ್ನ ಕೊಠಡಿಯ ಗೆಳೆಯ ಅನ್ನಕ್ಕಿಡಲು ಎದ್ದ. ಅವನು ಮರಳಿ ಬರುವಷ್ಟರಲ್ಲಿ ಮುನ್ನಡೆ ಕರಗುತ್ತಿತ್ತು. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಅದರಲ್ಲಿ ನಾವು ಮೂರು ಪಾಯಿಂಟ್ ಮುಂದೆ, ಉಳಿದದ್ದು ಕ್ಷಣಗಳು. ಡ್ಯೂಕ್‌ನ ಹುಡುಗನೊಬ್ಬ ಓಡಿಬಂದು ಅಂಕಣದ ನಡುಗೆರೆಯ ಹತ್ತಿರದಿಂದ ಎಸೆದುಬಿಟ್ಟ. ಒಳಗೆ! ಆ ಕಟ್ಟಡ ಬಿದ್ದುಹೋಗುತ್ತದೆ ಅನ್ನಿಸಿತು. ಅನ್ನ ತಳ ಹಿಡಿದದ್ದು ಯಾರಿಗೂ ತಿಳಿಯಲಿಲ್ಲ. ಎರಡನೆಯ ಹೆಚ್ಚುವರಿ ಅವಧಿಯಲ್ಲಿ 102-100ರಿಂದ ಗೆದ್ದೆವು, ಆದರೆ ಇಂದಿಗೂ ಜನ ತೋರಿಸುವುದು ಸೋತವರ ಆ ಎಸೆತವನ್ನೇ.

ಆ ಹುಡುಗನ ಹೆಸರು ಜೆಫ್ ಕೇಪಲ್. ಮಂಗಳವಾರ ರಾತ್ರಿ ನನ್ನ ನಿದ್ದೆ ಕೆಡಿಸಿದ ಪಿಟ್ ತಂಡಕ್ಕೆ ಈಗ ಕೋಚ್ ಯಾರು? ಅದೇ ಜೆಫ್ ಕೇಪಲ್. ಮೂವತ್ತು ವರ್ಷವಾದರೂ ಬಿಡಲೊಲ್ಲ.

ನೀಲಿ ಗೋಪುರ · ಗುರುವಾರ, ರಾತ್ರಿ 9:10

ಚೆನ್ನಾಗಿದೆ ಸರ್. ಇನ್ನು 2022ರ ಕಥೆ ಬರುತ್ತದೆ ಎಂದು ಕಾಯುತ್ತಿದ್ದೇನೆ.

ಡಾಂಬರು ಹಿಮ್ಮಡಿ · ಗುರುವಾರ, ರಾತ್ರಿ 9:14

ಕೇಳಿದಿರೆಂದು ಹೇಳುತ್ತೇನೆ. ಮಾರ್ಚ್ 5: ಡ್ಯೂಕ್‌ನಲ್ಲಿ 42 ವರ್ಷ ಕಳೆದ ಕೋಚ್ ಕೆ ಅವರ ಕೊನೆಯ ತವರು ಪಂದ್ಯ, ಹಳೆಯ ಶಿಷ್ಯರು ಸಾಲಾಗಿ ನಿಂತಿದ್ದರು, ಹಾರ ತುರಾಯಿ ಎಲ್ಲ ಸಿದ್ಧ. ನಾವು 94-81. ಏಪ್ರಿಲ್ 2, ನ್ಯೂ ಆರ್ಲಿಯನ್ಸ್: ರಾಷ್ಟ್ರೀಯ ಟೂರ್ನಿಯಲ್ಲಿ ಇವರಿಬ್ಬರೂ ಎದುರಾದದ್ದು ಅದೇ ಮೊದಲು. ನಾವು 81-77. ಅಲ್ಲಿಗೆ ಅವರ ವೃತ್ತಿ ಮುಗಿಯಿತು. ಎರಡು ದಿನದ ನಂತರ ಕಾನ್ಸಾಸ್ ವಿರುದ್ಧ ಅರ್ಧಕ್ಕೆ 15 ಮುಂದಿದ್ದೂ ಫೈನಲ್ ಸೋತೆವು, ಅದನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಟೆಂಟಿನ ತಾಯಿ · ಶುಕ್ರವಾರ, 31 ಜನವರಿ, ಬೆಳಗ್ಗೆ 5:55

ನಾನು ಕೆರಿಯವಳು. ಮಗಳು ಡ್ಯೂಕ್‌ನಲ್ಲಿ ಎರಡನೆಯ ವರ್ಷ, ಮಗ ಚಾಪೆಲ್ ಹಿಲ್‌ನಲ್ಲಿ ನಾಲ್ಕನೆಯ ವರ್ಷ. ಇನ್ನು ನನ್ನ ಪಾಡನ್ನು ನೀವೇ ಊಹಿಸಿ.

ನಿಮ್ಮ ಕಂಬ, ಕಾಲು, ಎತ್ತರ ನನಗೆ ತಿಳಿಯದು. ಆದರೆ ಈ ಪಂದ್ಯಕ್ಕಾಗಿ ಜನವರಿಯ ಚಳಿಯಲ್ಲಿ ನನ್ನ ಮಗಳು ಹುಲ್ಲಿನ ಮೇಲೆ ಟೆಂಟ್ ಹಾಕಿಕೊಂಡು ಮಲಗಿದ್ದಾಳೆ, ಅದು ತಿಳಿದಿದೆ. ಮೈಸೂರಿನ ರಾಯರು ಕೇಳಿದ್ದರಲ್ಲ, ಊರು ಹೇಗೆ ನಿಲ್ಲುತ್ತದೆಂದು? ಹೀಗೆ. ಡ್ಯೂಕ್‌ನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಟಿಕೆಟ್ ಉಚಿತ, ಮೊದಲು ಬಂದವರಿಗೆ ಮೊದಲ ಜಾಗ. 1986ರಲ್ಲಿ ಕೆಲವರು ಹಿಂದಿನ ದಿನಗಳಿಂದಲೇ ಟೆಂಟ್ ಹಾಕಿ ಸಾಲು ಹಿಡಿದರಂತೆ, ಈಗ ಅದೊಂದು ಊರೇ ಆಗಿದೆ. ಕೋಚ್ ಹೆಸರಿನಲ್ಲಿ ಕೆ-ವಿಲ್. ಒಂದು ಟೆಂಟಿಗೆ 12 ಮಕ್ಕಳು, ಸರದಿಯ ಮೇಲೆ ಕಾವಲು. ಲೈನ್ ಮಾನಿಟರ್ ಎಂಬ ಹುಡುಗರು ರಾತ್ರಿ ಯಾವ ಹೊತ್ತಿಗಾದರೂ ಬಂದು ತಲೆ ಎಣಿಸುತ್ತಾರೆ. ಹಾಜರಿ ತಪ್ಪಿದರೆ ಸಾಲಿನ ಹಿಂದಕ್ಕೆ. ಅಷ್ಟೇ ಅಲ್ಲ, ಒಳ್ಳೆಯ ಜಾಗದ ಟೆಂಟ್ ಸಿಗಬೇಕಾದರೆ ತಂಡದ ಚರಿತ್ರೆಯ ಮೇಲೆ ಲಿಖಿತ ಪರೀಕ್ಷೆ! ಸಿಇಟಿ ಬರೆದು ಬಂದ ನಮ್ಮ ಮಕ್ಕಳಿಗೆ ಅಮೆರಿಕದಲ್ಲೂ ತಪ್ಪಲಿಲ್ಲ. ಕೆಮಿಸ್ಟ್ರಿಗೆ ಓದದವಳು ಇದಕ್ಕೆ ಓದಿದಳು.

ನಾಳೆ ಮಧ್ಯಾಹ್ನ ಊಟ ಕೊಂಡೊಯ್ಯುತ್ತಿದ್ದೇನೆ. 12 ಮಕ್ಕಳಿಗೆ ಪುಳಿಯೋಗರೆ, ಚಳಿಗೆ ಕೆಡುವುದಿಲ್ಲ. ಜೊತೆಗೆ ಏನು ಮಾಡಲಿ?

ಮೈಸೂರು ಮುಂಜಾವು · ಶುಕ್ರವಾರ, ಬೆಳಗ್ಗೆ 6:30

ಕೋಡುಬಳೆ ಮಾಡಿ ತಾಯಿ. ಬುಟ್ಟಿಯ ರಿಂಗಿನ ಆಕಾರ.

ಕೆಂಪು ತೋಳ · ಶುಕ್ರವಾರ, ಬೆಳಗ್ಗೆ 9:20

ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ತಂತ್ರ ಕೋಡುಬಳೆ. ಅಕ್ಕ, ಮಗನ ಪಾಲು?

ಟೆಂಟಿನ ತಾಯಿ · ಶುಕ್ರವಾರ, ಬೆಳಗ್ಗೆ 9:48

ಅವನೂ ಅದನ್ನೇ ಕೇಳಿ ಸಂದೇಶ ಕಳಿಸಿದ್ದಾನೆ: "ಶತ್ರುಗಳಿಗೆ ಪುಳಿಯೋಗರೆ, ನನಗೆ ಏನು?" ಗೆದ್ದರೆ ಫ್ರಾಂಕ್ಲಿನ್ ಬೀದಿಗೆ ಓಡಿ ಬೆಂಕಿ ಹಾಕಿ ಕುಣಿಯುವವರಲ್ಲಿ ಇವನೂ ಒಬ್ಬ. ಕಳೆದ ವರ್ಷ ಎರಡೂ ಪಂದ್ಯ ಇವರೇ ಗೆದ್ದರು, 93-84 ಮತ್ತು 84-79, ಎರಡನೆಯದಂತೂ ಕ್ಯಾಮರನ್‌ನಲ್ಲೇ. ಆ ವಾರ ನಮ್ಮ ಮನೆಯಲ್ಲಿ ಅಣ್ಣ ತಂಗಿ ಮಾತಾಡಲಿಲ್ಲ. ಎರಡು ಡಬ್ಬಿ ಕಟ್ಟುತ್ತೇನೆ.

ಶನಿವಾರದ ಕೋಚ್ · ಶುಕ್ರವಾರ, ರಾತ್ರಿ 10:15

ಅಕ್ಕ ನೆನಪಿಸಿದ್ದು ಒಳ್ಳೆಯದಾಯಿತು. ಆ 84-79ರಲ್ಲಿ ನಮ್ಮನ್ನು ಹೊತ್ತವನು ಕಾರ್ಮಕ್ ರಯನ್, 31 ಪಾಯಿಂಟ್. ಅವನಿಲ್ಲ. ಬೇಕಾಟ್ ಇಲ್ಲ. ಈ ಬಾರಿ ಹೊರಗಿನಿಂದ ಎಸೆಯುವ ಭಾರವೆಲ್ಲ ಡೇವಿಸ್ ಮೇಲೆ, ಮತ್ತು ಅವನು ಐದನೆಯ ವರ್ಷದವನು, ಇದು ಅವನ ಕೊನೆಯ ಕ್ಯಾಮರನ್.

ಕೋಚ್‌ಗಳ ಮಟ್ಟಿಗೆ, ಕೋಚ್ ಕೆ ನಂತರ ಡ್ಯೂಕ್‌ಗೆ ಬಂದ ಜಾನ್ ಶಾಯರ್ ನಮ್ಮ ವಿರುದ್ಧ 2 ಗೆದ್ದು 2 ಸೋತಿದ್ದಾರೆ, ಆದ್ದರಿಂದ ಆ ಕಡೆಯಿಂದ ಭಯವಿಲ್ಲ. ಮೊದಲ ಹತ್ತು ನಿಮಿಷ ನೋಡಿ. ಆಗ ನಾವು ಆರೇಳು ಪಾಯಿಂಟಿಗಿಂತ ಹಿಂದೆ ಬೀಳದಿದ್ದರೆ ಕೊನೆಯವರೆಗೂ ಕುರ್ಚಿಯ ತುದಿಯಲ್ಲಿ ಕೂರುತ್ತೀರಿ. ಹದಿನೈದಾದರೆ ಟಿವಿ ಆರಿಸಿ, ಮಕ್ಕಳಿಗೆ ಗಣಿತ ಹೇಳಿಕೊಡಿ. ನನ್ನ ಊಹೆ: ಡ್ಯೂಕ್ 81, ನಾವು 72. ಬರೆಯುವಾಗ ಕೈ ನಡುಗಿತು.

ನೀಲಿ ಗೋಪುರ · ಶನಿವಾರ, 1 ಫೆಬ್ರುವರಿ, ಬೆಳಗ್ಗೆ 9:30

ಸ್ವಂತ ತಂಡದ ಸೋಲನ್ನು ಇಷ್ಟು ಪ್ರಾಮಾಣಿಕವಾಗಿ ಬರೆದ ಕೋಚ್ ಸರ್‌ಗೆ ಗೌರವಪೂರ್ವಕವಾಗಿ ಇಪ್ಪತ್ತನ್ನು ಹದಿನೈದಕ್ಕೆ ಇಳಿಸುತ್ತೇನೆ. ಈಗಲೇ ಹೊರಡುತ್ತಿದ್ದೇನೆ.

ಡಾಂಬರು ಹಿಮ್ಮಡಿ · ಶನಿವಾರ, ಬೆಳಗ್ಗೆ 11:05

ಊಹೆ ಬರೆಯುವುದಿಲ್ಲ. 1995ರಿಂದ ಬರೆದ ಒಂದೂ ಸರಿಯಾಗಿಲ್ಲ. ನನ್ನ ಹೆಂಡತಿ ಸಂಜೆ ಅನ್ನಕ್ಕಿಡುವುದು ಬೇಡ, ಉಪ್ಪಿಟ್ಟು ಸಾಕು ಎಂದಿದ್ದಾಳೆ.

ಟೆಂಟಿನ ತಾಯಿ · ಶನಿವಾರ, ಮಧ್ಯಾಹ್ನ 2:40

ಕೊಟ್ಟು ಬಂದೆ. ತಲೆಯಿಂದ ಮೊಣಕೈವರೆಗೆ ನೀಲಿ ಬಣ್ಣ ಬಳಿದುಕೊಂಡ ಮಕ್ಕಳು ಗುಂಪಾಗಿ ನಿಂತಿದ್ದರು, ನನ್ನ ಮಗಳು ಯಾರೆಂದು ಗೊತ್ತಾಗಲಿಲ್ಲ. ಒಬ್ಬಳು ಮುಂದೆ ಬಂದು ಕೋಡುಬಳೆಯ ಡಬ್ಬಿಯನ್ನೇ ಮೊದಲು ಕಸಿದುಕೊಂಡಳು. ಅವಳೇ.

ಮೈಸೂರು ಮುಂಜಾವು · ಶನಿವಾರ, ಸಂಜೆ 6:24 (ನಮಗೆ ಭಾನುವಾರ ಬೆಳಗ್ಗೆ 4:54)

ನಿನ್ನೆ ಹಗಲೆಲ್ಲ ಬಜೆಟ್ ಭಾಷಣ, ಈಗ ಇದು. ಮಗ ಲ್ಯಾಪ್‌ಟಾಪ್‌ನಲ್ಲಿ ಹೊಂದಿಸಿ ಕೊಟ್ಟಿದ್ದಾನೆ, ಕಾಫಿ ಪಕ್ಕದಲ್ಲಿದೆ. ಹುಡುಗರು ಅಂಕಣದಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ಮಲುವಾಚ್‌ನನ್ನೂ ಡೇವಿಸ್‌ನನ್ನೂ ಒಂದೇ ಪರದೆಯಲ್ಲಿ ಈಗಷ್ಟೇ ಕಂಡೆ. ಕೋಚ್ ಸರ್, ನೀವು ಬರೆದದ್ದು ಕಡಿಮೆಯೇ ಆಯಿತು.